ಶ್ರೀಯ ಪಕ್ಕದ ಮನೆಯ ‘ದಿ’

ನಾನು ಒಂದು ಅಚ್ಚುಮೊಳೆ. ಇಂಗ್ಲಿಷಿನ ಟಿ, ಎಚ್, ಇ ಎಂಬ ಮೂರಕ್ಷರಗಳನ್ನು ಒಂದೇ ಸೀಸದ ಮೈಯಲ್ಲಿ ಹೊತ್ತು ಎರಕದಿಂದ ಎದ್ದವಳು. ಎಲ್ಲರೂ ನನ್ನನ್ನು ‘ದಿ’ ಎನ್ನುತ್ತಾರೆ. ಗುಳೇದಗುಡ್ಡದ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಈರಸಂಗಪ್ಪ ನನ್ನನ್ನು ಮೊಳೆಪೆಟ್ಟಿಗೆಯಲ್ಲಿ ‘ಶ್ರೀ’ಯ ಪಕ್ಕದ ಮನೆಗೆ ಹಾಕಿದ. ಅಂದೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಲಗ್ನಪತ್ರಿಕೆ ಯಾರದೇ ಇರಲಿ, ಶ್ರೀಯೇ ಮೊದಲು. ಮಹಾನವಮಿಗೆ ಕುಂಕುಮ ಅವಳಿಗೆ, ಮಸಿ ತೊಳೆಯುವ ಸೀಮೆಎಣ್ಣೆಯ ಸ್ನಾನ ನನಗೆ. ನನ್ನ ಪಾಲಿಗೆ ಬ್ಯಾಂಕು, ಮಿಲ್ಲು, ನೇಕಾರರ ಸೊಸೈಟಿ. ಅವುಗಳ ಹೆಸರಿನ ಮುಂದೆ ನಾನಿಲ್ಲದಿದ್ದರೆ ಕಾರ್ಯದರ್ಶಿಗಳು ಸಿಡುಕುತ್ತಿದ್ದರು.

ಈರಸಂಗಪ್ಪನಿಗೆ ಇಂಗ್ಲಿಷ್ ಬಾರದು. ಆಕಾರ ನೋಡಿ ಜೋಡಿಸುತ್ತಿದ್ದ. ಮಗಳು ನೀಲಗಂಗಾಳ ಮದುವೆ ಗೊತ್ತಾದಾಗ ಬೀಗರು ಇಂಗ್ಲಿಷ್ ಪತ್ರಿಕೆಯೂ ಬೇಕೆಂದರು. ದೊಡ್ಡವರೆಲ್ಲ ನನ್ನನ್ನು ಮುಂದಿಟ್ಟುಕೊಳ್ಳುವುದನ್ನು ಮೂವತ್ತು ವರ್ಷ ಕಂಡಿದ್ದ ಅವನು, ನನ್ನನ್ನೆತ್ತಿ ಮಗಳ ಹೆಸರಿನ ಮುಂದೆ ನಿಲ್ಲಿಸಿದ. ಆ ಪತ್ರಿಕೆಯಲ್ಲಿ ಶ್ರೀ ಇರಲೇ ಇಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ.

ಬೀಗರು ಹೈಸ್ಕೂಲು ಮಾಸ್ತರು. ಪತ್ರಿಕೆ ನೋಡಿ ಹೊಟ್ಟೆ ಹಿಡಿದು ನಕ್ಕರು.

“ಬೀಗರ, ನಿಮ್ಮ ಮಗಳು ಬ್ಯಾಂಕ್ ಏನ್ರಿ? ಮನಷ್ಯಾರ ಹೆಸರಿಗೆ ಇದನ್ನ ಹಚ್ಚೂದಿಲ್ರೀ!”

ಈರಸಂಗಪ್ಪನ ಮುಖ ಸಣ್ಣದಾಯಿತು. ಪತ್ರಿಕೆಗಳನ್ನೆಲ್ಲ ಒಲೆಗೆ ಹಾಕಿ, ಕನ್ನಡದ್ದೇ ಸಾಕೆಂದ. ಅದರ ನೆತ್ತಿಯ ಮೇಲೆ ಮತ್ತೆ ಅದೇ ಶ್ರೀ! ಆಮೇಲೆ ಅವನು ನನ್ನನ್ನು ಮುಟ್ಟಲಿಲ್ಲ. ಬ್ಯಾಂಕಿನ ಕೆಲಸಕ್ಕೂ ಬಿಡಿ ಅಕ್ಷರಗಳನ್ನೇ ಜೋಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವರ್ಷಗಳು ಉರುಳಿದವು. ಹೊಸ ಯಂತ್ರ ಬಂದು ಮೊಳೆಗಳೆಲ್ಲ ಗುಜರಿಗೆ ಹೊರಟ ದಿನ, ಈರಸಂಗಪ್ಪ ಶ್ರೀಯನ್ನು ಮಾತ್ರ ದೇವರ ಜಗಲಿಗೆಂದು ವಸ್ತ್ರದಲ್ಲಿ ಸುತ್ತಿಕೊಂಡ. ನನ್ನನ್ನು ಚೀಲಕ್ಕೆಸೆದ. ತವರಿಗೆ ಬಂದಿದ್ದ ನೀಲಗಂಗಾ ಅಪ್ಪನಿಗೆ ಬುತ್ತಿ ತಂದವಳು, ಚೀಲಕ್ಕೆ ಕೈಹಾಕಿ ನನ್ನನ್ನು ಹುಡುಕಿ ತೆಗೆದಳು.

“ಅದ್ಯಾಕವ್ವ? ಮಂದಿ ನಕ್ಕಿದ್ದು ಸಾಲಲಿಲ್ಲೇನು?”

“ನಗಲಿ ಬಿಡಪ್ಪ. ಬ್ಯಾಂಕಿನಷ್ಟು ದೊಡ್ಡಾಕಿ ಅಂತ ನನ್ನ ಯಾರ ತಿಳಕೊಂಡಾರ, ನಿನ್ನ ಬಿಟ್ಟು?”

ಈರಸಂಗಪ್ಪ ಮಸಿ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ.

ಈಗ ನಾನು ನೀಲಗಂಗಾಳ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಮುಪ್ಪು ಕಳೆಯುತ್ತಿದ್ದೇನೆ. ಶ್ರೀಗೆ ಅಲ್ಲಿ ದೇವರ ಜಗಲಿಯ ಮೇಲೆ ದಿನವೂ ಊದಿನಕಡ್ಡಿ ಬೆಳಗುತ್ತಾರಂತೆ. ಹೊಟ್ಟೆಯುರಿ ಆರಿದೆಯೆಂದರೆ ಸುಳ್ಳಾದೀತು. ಆದರೆ ಅವಳು ಊರಿನ ಎಲ್ಲ ಮದುವೆಗಳಿಗೂ ನಿಂತವಳು. ಅಪ್ಪನೊಬ್ಬ ತನ್ನ ಮಗಳಿಗೆಂದೇ ಆರಿಸಿ ನಿಲ್ಲಿಸಿದ್ದು ನನ್ನನ್ನು.