ರಾಣಿಯ ಮೈಮೇಲಿನ ಖಣ

ನಾಯಿಗೆ ಬಟ್ಟೆ ತೊಡಿಸಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ರಾಮದುರ್ಗದ ರಘೋತ್ತಮರು ಸ್ವೆಟರ್, ಮಫ್ಲರ್, ಕಿವಿ ಮುಚ್ಚುವ ಟೊಪ್ಪಿಗೆ ಇಷ್ಟನ್ನೂ ಹೇರಿಕೊಂಡು ಕೂತು ಇತ್ಯರ್ಥ ಮಾಡಿದರು.

“ದೇವರು ಅದಕ್ಕ ಚರ್ಮ ಕೊಟ್ಟಾನ. ಮ್ಯಾಲೆ ಬಟ್ಟಿ ಹಾಕೋದಂದ್ರ ದೇವರ ತಪ್ಪು ತಿದ್ದಿಧಂಗ!”

ದೇವರು ರಘೋತ್ತಮರಿಗೂ ಚರ್ಮ ಕೊಟ್ಟಿದ್ದ. ಅದರ ಮೇಲೆ ಅವರಿಗೆ ನಂಬಿಕೆ ಇದ್ದಂತೆ ಕಾಣಲಿಲ್ಲ. ಹೆಂಡತಿ ರಾಧಾಬಾಯಿ ಎದುರಾಡಲಿಲ್ಲ. ಈ ಮನೆಗೆ ಬಂದಾಗಿನಿಂದ ಆಕೆ ಬಾಯಿ ತೆರೆದದ್ದು ‘ಹೂಂರಿ’ ಅನ್ನಲಿಕ್ಕೆ, ಆಕಳಿಸಲಿಕ್ಕೆ ಮಾತ್ರ. ಆದರೆ ನಾಯಿ ರಾಣಿಗೆ ಹುರುಕು ಹತ್ತಿ, ದನದ ಡಾಕ್ಟರು ಮೈಯನ್ನೆಲ್ಲ ಬೋಳಿಸಿ ಹೋಗಿದ್ದರು. ಹೊಳೆಯ ಕಡೆಯ ಗಾಳಿಗೆ ಅದು ಹಿತ್ತಲ ಬಾಗಿಲಲ್ಲಿ ಗಡಗಡ ನಡುಗುತ್ತಿತ್ತು. ಇಡೀ ಮನೆಯಲ್ಲಿ ರಾಧಾಬಾಯಿ ಎದ್ದರೆ ಏಳುವ, ಕೂತರೆ ಕೂಡುವ ಜೀವ ಅದೊಂದೇ. ಆಕೆಗೆ ನೋಡಲಾಗಲಿಲ್ಲ.

ಟ್ರಂಕಿನ ತುಂಬ ಖಣಗಳಿದ್ದವು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚಿ, ಕುಪ್ಪಸದ ಖಣ ಇಟ್ಟು ಉಡಿ ತುಂಬದೆ ಕಳಿಸುವುದಿಲ್ಲ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಾಳೆ, ಮುಂದೆ ಅಷ್ಟೇ ಭಕ್ತಿಯಿಂದ ಇನ್ನೊಬ್ಬಳ ಉಡಿಗೆ ಹಾಕುತ್ತಾಳೆ. ಹೊಲಿಸಿಕೊಳ್ಳುವ ಹುಚ್ಚು ಯಾರಿಗೂ ಇಲ್ಲ. ರಾಧಾಬಾಯಿ ಕೈಗೆ ಸಿಕ್ಕ ಕೆಂಪು ದಡಿಯ ಹಸಿರು ಖಣವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ರಾಣಿಯೊಡನೆ ಓಣಿಯ ಮೆಹರುನಬಿಯ ಹೊಲಿಗೆ ಮಷಿನ್ ಮುಂದೆ ನಿಂತಳು.

“ಅಳತಿ ಬ್ಲೌಸ್ ತಂದೀರೇನ್ರಿ ಬಾಯಾರ?” ಎಂದು ರೂಢಿಯಂತೆ ಕೇಳಿದ ಮೆಹರುನಬಿ, ಗಿರಾಕಿ ಯಾರೆಂದು ತಿಳಿದ ಮೇಲೆ ಬಿದ್ದು ಬಿದ್ದು ನಕ್ಕಳು. ಆದರೂ ಹೊಲಿದಳು, ನಾಲ್ಕು ತೋಳಿಟ್ಟು.

ಮಾರನೆಯ ದಿನ ರಘೋತ್ತಮರ ತಂಗಿ ಸುಚೇತಾ ಬೈಲಹೊಂಗಲದಲ್ಲಿ ಬಸ್ಸು ಹತ್ತಿದ್ದೇನೆಂದು ಫೋನ್ ಮಾಡಿದಳು. ಆ ಖಣ ಕೊಟ್ಟವಳು ಆಕೆಯೇ! ಸುಚೇತಾಗೆ ಸಿಟ್ಟು ಮೂಗಿನ ತುದಿಯಲ್ಲಿ. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಎರಡು ವರ್ಷ ಈ ಹೊಸ್ತಿಲು ತುಳಿಯದಿದ್ದವಳು ಈಗ ತಾನಾಗಿ ಬರುತ್ತಿದ್ದಳು. ರಾಧಾಬಾಯಿ ಹೆದರಿ ಗಂಡನಿಗೆ ಎಲ್ಲವನ್ನೂ ಹೇಳಿದಳು.

“ಮೊದಲ ಅದನ್ನ ಬಿಚ್ಚು. ಆಕಿ ಮತ್ತ ಮುನಿಸಿಕೊಂಡ್ಲಂದ್ರ ನಿನ್ನ ಸಲುವಾಗಿ ನನ್ನ ತವರಿನ ನಂಟು ಹರೀತದ,” ಎಂದರು ರಘೋತ್ತಮರು. ಗಂಡಸಿಗೂ ತವರು ಇರುತ್ತದೆಂದು ರಾಧಾಬಾಯಿಗೆ ಅವತ್ತೇ ಗೊತ್ತಾದದ್ದು.

ಹಿತ್ತಲಿಗೆ ಹೋಗಿ ಒಂದು ಗುಂಡಿ ಬಿಚ್ಚಿದಳು. ರಾಣಿ ಮೈ ಮುದುಡಿಕೊಂಡು ಆಕೆಯ ಮುಖ ನೋಡಿತು. ರಾಧಾಬಾಯಿಗೆ ಸಿಟ್ಟು ಬಂತು, ಗಂಡನ ಮೇಲೆ, ನಾದಿನಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಬಿಚ್ಚಿದ ಗುಂಡಿಯನ್ನು ತಿರುಗಿ ಹಾಕಿದಳು.

ಸುಚೇತಾ ಚಪ್ಪಲಿ ಬಿಡುವ ಮೊದಲೇ ನಾಯಿಯನ್ನು ಕಂಡಳು. “ವೈನಿ, ಇದು ನಾ ಕೊಟ್ಟ ಖಣ ಅಲ್ಲೇನ್ರಿ?”

“ನಾ ಬ್ಯಾಡಂದಿದ್ದೆ!” ರಘೋತ್ತಮರು ಟೊಪ್ಪಿಗೆಯೊಳಗಿಂದಲೇ ಕೂಗಿದರು.

“ಹೌದ್ರಿ, ನೀವು ಕೊಟ್ಟದ್ದ,” ಎಂದಳು ರಾಧಾಬಾಯಿ. “ಆಕಿಗೆ ಥಂಡಿ ಆಗಿತ್ತು, ಹೊಲಿಸಿದೆ. ಬಿಚ್ಚೂದಿಲ್ಲ.” ಧ್ವನಿ ನಡುಗಿತು, ಆದರೆ ಮಾತು ಪೂರ್ತಿಯಾಯಿತು.

ಸುಚೇತಾ ಮುಖ ಊದಿಸಿಕೊಂಡು, ತನ್ನ ಖಣ ಎಷ್ಟು ಹಾಳಾಗಿದೆ ನೋಡಲೆಂದೇ ಬಗ್ಗಿದಳು. ರಾಣಿ ಬಾಲ ಅಲ್ಲಾಡಿಸಿತು. ಆಕೆಯ ಬೆರಳು ದಡಿಯ ಉದ್ದಕ್ಕೂ ಹರಿದಾಡಿ ನಿಂತಿತು.

“ಖರೇ ಹೇಳ್ತೀನಿ ವೈನಿ, ಇದು ನಾ ಕೊಂಡದ್ದಲ್ಲ. ಕಿತ್ತೂರ ಕಾಕು ಉಡಿ ತುಂಬಿದ್ಳು. ಆಕಿಗೆ ಸವದತ್ತಿಯಿಂದ ಬಂದಿತ್ತಂತ. ಇಷ್ಟು ಚಂದ ಅದ ಅಂತ ನಾವ್ಯಾರೂ ಮಡಿಕಿ ಬಿಚ್ಚಿ ಸೈತ ನೋಡಲಿಲ್ಲ.”

“ಹಂಗಾದ್ರ ನಾಯಿಗೆ ಹಾಕಬಹುದು ಬಿಡು,” ಎಂದರು ರಘೋತ್ತಮರು.

“ನೀ ಸುಮ್ಮನ ಕೂಡು ಅಣ್ಣಾ.” ಸುಚೇತಾ ನೆಲದ ಮೇಲೇ ಕೂತಳು. “ನಾವೂ ಸಾಯೋದ್ರೊಳಗ ಒಂದೊಂದು ಹೊಲಿಸಿ ತೊಡೋಣ, ವೈನಿ.”

ರಾಧಾಬಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.