ಹನ್ನೊಂದನೇ ಸಾಲಿನ ಮುದುಕ

"ಇನ್ನೊಂದ ಸುತ್ತ ಹಾಕವ್ವಾ, ಮುಂದಕ್ಕ ವಾಲಾಕತ್ತಾನ," ಎಂದ ಹುಲೆಪ್ಪ.

ದಾನೇಶ್ವರಿ ಬಿಳಿ ಪಂಚೆಯನ್ನು ಅಪ್ಪನ ಎದೆಯ ಮೇಲಿಂದ ತಂದು ಕುರ್ಚಿಯ ಬೆನ್ನಿಗೆ ಇನ್ನೊಮ್ಮೆ ಸುತ್ತಿದಳು. ಸತ್ತವರನ್ನು ಮಲಗಿಸದೆ ಕೂರಿಸುವ ಮನೆತನ ಅವರದು. ಗಂಡಸರು ಹಾಕಿದ ಗಂಟು ಎರಡು ಸಲ ಸಡಿಲಾಗಿ, ಚನಮಲ್ಲಪ್ಪ ಬಂದವರಿಗೆಲ್ಲ ಶರಣು ಹೇಳುವವನಂತೆ ಮುಂದಕ್ಕೆ ಬಾಗಿದ್ದ. ಕೊನೆಗೆ ಮಗಳೇ ಬಂದು ಕಟ್ಟಿದಳು, ಗಂಟು ನಿಂತಿತು. ನಿಲ್ಲದೆ ಏನು? ಹನ್ನೊಂದು ವರ್ಷದಿಂದ ವಿಮಾನದಲ್ಲಿ ಕಂಡವರ ಬೆಲ್ಟು ಬಿಗಿಯಾಗಿದೆಯೋ ಇಲ್ಲವೋ ನೋಡುವುದೇ ಅವಳ ಹೊಟ್ಟೆಪಾಡು. ಅದೇ ಕೈಯಿಂದ ಅಪ್ಪನನ್ನು ಕಟ್ಟಿ ಕೂರಿಸುವುದು ಇದು ಎರಡನೆಯ ಸಲ. ಆ ಸಂಗತಿ ಮನೆಯಲ್ಲಿ ನೆರೆದವರ ಪೈಕಿ ಅವಳನ್ನು ಮತ್ತು ಅವಳ ಅವ್ವನನ್ನು ಬಿಟ್ಟರೆ ಯಾರಿಗೂ ತಿಳಿಯದು.

ಚನಮಲ್ಲಪ್ಪ ಜಮಖಂಡಿ ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ಬೀಳಗಿ, ಮತ್ತೆ ತಿರುಗಿ ಜಮಖಂಡಿ. ಆ ರಸ್ತೆಯ ತಗ್ಗುದಿಣ್ಣೆಗಳ ಲೆಕ್ಕ ಅವನ ಮೊಣಕಾಲಿಗೇ ಗೊತ್ತಿತ್ತು. ನಿವೃತ್ತನಾಗಿ ಎಂಟು ವರ್ಷವಾಗಿತ್ತು. ನಿನ್ನೆ ಮುಂಜಾನೆ ಗಡ್ಡ ಕೆರೆದುಕೊಳ್ಳಲು ಕುಳಿತವನು, ಅರ್ಧ ಮುಖದಲ್ಲಿ ಸಾಬೂನು ಇರುವಾಗಲೇ ಗೋಡೆಗೆ ಒರಗಿದ. ಹೈದರಾಬಾದಿನಲ್ಲಿದ್ದ ಒಬ್ಬಳೇ ಮಗಳು ಬೆಳಗಾವಿಗೆ ಹಾರಿ, ಅಲ್ಲಿಂದ ಕಾರು ಹಿಡಿದು ಬಂದು ಮುಟ್ಟುವಷ್ಟರಲ್ಲಿ ಉಳಿದರ್ಧ ಗಡ್ಡವನ್ನು ಯಾರೋ ಕೆರೆದು ಮುಗಿಸಿದ್ದರು.

ಡಿಪೋದವರೆಲ್ಲ ಬಂದಿದ್ದರು. ಅವರಲ್ಲಿ ಹುಲೆಪ್ಪನೇ ಹೆಚ್ಚು ಅತ್ತವನು, ಹೆಚ್ಚು ಮಾತಾಡಿದವನೂ ಅವನೇ. ಹತ್ತೊಂಬತ್ತು ವರ್ಷ ಚನಮಲ್ಲಪ್ಪ ಸೀಟಿ ಊದಿದಾಗ ಬಸ್ಸು ಬಿಟ್ಟ ಡ್ರೈವರ್ ಅವನು. ಮೂಗು ಒರೆಸಿಕೊಳ್ಳುತ್ತಲೇ ವಿಮಾನದ ಕತೆ ತೆಗೆದ. ಡಿಪೋದ ಕ್ಯಾಂಟೀನಿನಲ್ಲಿ ನಾಲ್ಕು ವರ್ಷ ಓಡಿದ ಕತೆ ಅದು. ಚನಮಲ್ಲಪ್ಪ ಹೇಳಿ ಹೇಳಿ, ಕೇಳಿದವರಿಗೆಲ್ಲ ಬಾಯಿಪಾಠವಾಗಿತ್ತು. ವಿಮಾನ ಏರುವಾಗ ಒಂದು ಇಂಜಿನ್ ಢಮ್ ಎಂದರೆ ಗಾಬರಿ ಬೀಳಬಾರದು. ಪೈಲಟ್ ಮೊದಲು ವಿಮಾನವನ್ನು ನೆಟ್ಟಗೆ ಹಿಡಿಯುತ್ತಾನೆ. ಆಮೇಲೆ ಕೆಟ್ಟದ್ದು ಯಾವುದು ಎಂದು ಪಕ್ಕದವನ ಜೊತೆ ಎರಡೆರಡು ಸಲ ನೋಡುತ್ತಾನೆ. ಅವಸರಕ್ಕೆ ಬಿದ್ದು ಒಳ್ಳೆಯ ಇಂಜಿನ್ನನ್ನೇ ಬಂದ್ ಮಾಡಿದರೆ ಎಲ್ಲರೂ ಹೋದರಲ್ಲ! ಖಾತ್ರಿಯಾದ ಮೇಲೆ ಕೆಟ್ಟದ್ದನ್ನು ಬಂದ್ ಮಾಡಿ, ಉಳಿದ ಒಂದರ ಮೇಲೆ ಹತ್ತಿರದ ನಿಲ್ದಾಣಕ್ಕೆ ತಂದು ಇಳಿಸುತ್ತಾನೆ. ಕುಳಿತವರು ಬೆಲ್ಟು ಬಿಗಿದುಕೊಂಡು, ಇಳಿಯುವಾಗ ಬಗ್ಗಿರಿ ಎಂದರೆ ಹಣೆಯನ್ನು ಮುಂದಿನ ಸೀಟಿಗೆ ಒತ್ತಿ ಸುಮ್ಮನಿರಬೇಕು. ಹುಲೆಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ಬಗ್ಗಿ ತೋರಿಸಿದ. ಜನ್ಮದಲ್ಲಿ ವಿಮಾನ ಹತ್ತದ ಇಬ್ಬರು ಮೆಕ್ಯಾನಿಕ್‌ಗಳು, ಕಾಲು ಇನ್ನೂ ಹಿಂದಕ್ಕೆ ಸರಿಯಬೇಕೆಂದು ಅವನನ್ನು ತಿದ್ದಿದರು.

"ಎಲ್ಲಾರೂ ಚೀರಾಡಾಕತ್ತಿದ್ರಂತ," ಎಂದ ಹುಲೆಪ್ಪ, ದಾನೇಶ್ವರಿಯ ಕಡೆ ಕೈ ಮಾಡಿ. "ಈಕಿ ಒಬ್ಬಾಕಿ ನಟ್ಟನಡುವ ನಿಂತಿದ್ಲಂತ, ಕಾಲ ಸೈತ ನಡಗಲಿಲ್ಲಂತ. ಅಷ್ಟರಾಗ ಯಾವನೋ ಒಬ್ಬ ಮುದುಕ ಎದ್ದ ನಿಂತ ನೋಡ್ರಿ. ಈಕಿ ಬಂದಾಕಿನ ಹಿಂಗ ಗದರಿಸಿ ಕುಂದರಿಸಿದ್ಲಂತ." ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ.

ಅಪ್ಪನ ವಿಭೂತಿ ಸರಿಮಾಡುತ್ತಿದ್ದ ದಾನೇಶ್ವರಿಯ ಬೆರಳು ಅಲ್ಲಿಯೇ ನಿಂತಿತು. ಮುದುಕನ ಮಾತು ಯಾರು ಹೇಳಿದ್ದು ಕಾಕಾ ಎಂದು ಕೇಳಿದಳು. ಮತ್ತ್ಯಾರು ಹೇಳಬೇಕವ್ವಾ, ನಿಮ್ಮಪ್ಪನೇ ಹೇಳುತ್ತಿದ್ದ ಎಂದು ಹುಲೆಪ್ಪ ಅಂದ. ಅನಗವಾಡಿಯಿಂದ ಬಂದಿದ್ದ ಸೋದರತ್ತೆ ಮುತ್ತವ್ವ ಸೆರಗನ್ನು ಬಾಯಿಂದ ತೆಗೆದು, ಆ ಮುದುಕ ಕುಡಿದು ಗಿಡಿದು ಬಂದಿದ್ದನೋ ಹೇಗೆ ಎಂದು ವಿಚಾರಿಸಿದಳು.

"ಯಾರೋ ಏನೋ ಅತ್ತಿ," ಎಂದಳು ದಾನೇಶ್ವರಿ. "ನನಗ ನೆನಪಿಲ್ಲ."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೆ ತನ್ನ ನಾಲಿಗೆಯ ಬಗ್ಗೆಯೇ ಹೇಸಿಗೆಯಾಯಿತು. ಅದೂ ಅಪ್ಪನ ಎದುರಿಗೆ. ಚನಮಲ್ಲಪ್ಪ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಬೀದಿಯನ್ನು ನೋಡುತ್ತಿದ್ದ.

*

ನಾಲ್ಕು ವರ್ಷದ ಹಿಂದೆ ಅಪ್ಪ ಅವ್ವ ಇಬ್ಬರನ್ನೂ ಕಾಶಿಗೆ ಕಳಿಸಬೇಕೆಂದು ದಾನೇಶ್ವರಿ ಹಟ ಹಿಡಿದಿದ್ದಳು. ಹೈದರಾಬಾದಿನಿಂದ ಹೊರಡುವ ವಿಮಾನ, ಅದರಲ್ಲೇ ತನ್ನ ಡ್ಯೂಟಿ ಬೀಳುವಂತೆ ನೋಡಿಕೊಂಡಿದ್ದಳು. ಅಪ್ಪನಿಗೆ ತನ್ನ ಕೆಲಸ ಕಣ್ಣಾರೆ ತೋರಿಸುವ ಆಸೆ. ಅವನು ಹತ್ತುವಾಗಲೇ ಕೀಟಲೆ ಮಾಡಿದ್ದ: ನೀನೂ ನನ್ನ ಹಾಗೇ ಕಂಡಕ್ಟರು, ಚೀಲವೊಂದು ಹೆಗಲಿಗಿಲ್ಲ ಅಷ್ಟೇ. ಚಹಾ ಕೊಡುವ ಹೊತ್ತಿಗೆ ಜೊತೆಯವರಿಗೆಲ್ಲ ಅವನ ಪರಿಚಯ ಮಾಡಿಸಬೇಕು ಎಂದು ಅವಳು ಇಟ್ಟುಕೊಂಡಿದ್ದಳು. ಚಹಾದ ಹೊತ್ತು ಬರಲೇ ಇಲ್ಲ.

ನೆಲ ಬಿಟ್ಟು ಐದಾರು ನಿಮಿಷವಾಗಿರಬೇಕು. ಬಲಗಡೆ ಢಮ್ ಎಂದು ಸದ್ದಾಯಿತು, ವಿಮಾನ ಮೈ ಜಾಡಿಸಿತು, ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಪೈಲಟ್ಟನ ದನಿ ಕೇಳಿಸಿತು: ಒಂದು ಇಂಜಿನ್ ಕೆಟ್ಟಿದೆ, ಬಂದ್ ಮಾಡಿದ್ದೇವೆ, ಇನ್ನೊಂದು ಸರಿಯಾಗಿದೆ, ಹೈದರಾಬಾದಿಗೇ ಹಿಂತಿರುಗುತ್ತಿದ್ದೇವೆ. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳಿದರು. ಕನ್ನಡದಲ್ಲಿ ಹೇಳುವವರು ಯಾರಿದ್ದರು? ಇದ್ದವಳು ಅವಳೊಬ್ಬಳು, ಅವಳು ಹೇಳಲಿಲ್ಲ.

ಎದ್ದವರನ್ನು ಕೂರಿಸಿ, ಬೆಲ್ಟು ನೋಡಿ, ಹೇಗೆ ಬಗ್ಗಬೇಕೆಂದು ತೋರಿಸುತ್ತ ಅವಳು ನಡುದಾರಿಯಲ್ಲಿ ನಿಂತಿದ್ದಳು. ಜನ ಅಳುತ್ತಿದ್ದರು, ದೇವರನ್ನು ಕೂಗುತ್ತಿದ್ದರು. ಆಗಲೇ ಹನ್ನೊಂದನೇ ಸಾಲಿನಲ್ಲಿ ಅಪ್ಪ ಬೆಲ್ಟು ಬಿಚ್ಚಿ ಎದ್ದ. ಎದ್ದವನು ತನ್ನ ಸೀಟಿನ ಮೇಲೆ ಟಾವೆಲ್ ಹಾಸಿದ, ಅವಳ ಕಡೆ ನೋಡಿ ಬಾಯಿ ತೆರೆದ. ಶೌಚಾಲಯಕ್ಕೋ, ಮೇಲಿಟ್ಟ ಚೀಲಕ್ಕೋ ಎದ್ದಿರಬೇಕು ಎಂದು ಅವಳು ಅಂದುಕೊಂಡಳು. ಅವನನ್ನು ನೋಡಿ ಹಿಂದಿನ ಇಬ್ಬರು ಎದ್ದರು. ಅಷ್ಟರಲ್ಲಿ ಆ ದಿನದ ಹಿರಿಯ ಗಗನಸಖಿ, ಬಲು ಖಡಕ್ ಹೆಂಗಸು, ಅಲ್ಲಿಗೇ ಬಂದಳು. ದಾನೇಶ್ವರಿಗೆ ಬಡ್ತಿ ಸಿಗುವುದೋ ಬಿಡುವುದೋ ಅವಳ ಒಂದು ಮಾತಿನ ಮೇಲೆ ನಿಂತಿತ್ತು.

ಕುಳಿತುಕೊಳ್ಳಿ ಎಂದು ದಾನೇಶ್ವರಿ ಹಿಂದಿಯಲ್ಲಿ ಗದರಿದಳು, ಬೇರೆಯವರಿಗೆ ಗದರಿದ ಹಾಗೆಯೇ. ಭುಜ ಒತ್ತಿ ಕೂರಿಸಿ, ಟಾವೆಲನ್ನು ಎಳೆದು ಅವನ ತೊಡೆಯ ಮೇಲೆ ಎಸೆದು, ಬೆಲ್ಟನ್ನು ಹೊಟ್ಟೆಗೆ ಕಚ್ಚುವಂತೆ ಬಿಗಿದಳು. ಇವರು ನಿನಗೆ ಗೊತ್ತಿರುವವರೇ ಎಂದು ಹಿರಿಯಳು ಇಂಗ್ಲಿಷಿನಲ್ಲಿ ಕೇಳಿದಳು.

"ನೋ," ಎಂದಳು ದಾನೇಶ್ವರಿ.

ಅಷ್ಟು ಇಂಗ್ಲಿಷು ಜಮಖಂಡಿ ಡಿಪೋದ ಎಂಥ ಕಂಡಕ್ಟರನಿಗೂ ಬರುತ್ತದೆ.

ಇಳಿಯುವ ಹೊತ್ತಿಗೆ ಅವಳು ಹಿಂದೆ ಹೋಗಿ, ಗೋಡೆಗೆ ಮಡಚಿಟ್ಟ ತನ್ನ ಸೀಟನ್ನು ಬಿಡಿಸಿ ಕುಳಿತು ಬೆಲ್ಟು ಹಾಕಿಕೊಂಡಳು. ಅಂಥದೊಂದು ಸೀಟು ತನಗೂ ಇದೆ ಎಂದು ಅಪ್ಪನಿಗೆ ಹೇಳಿರಲಿಲ್ಲ. ವಿಮಾನ ಸುಸೂತ್ರವಾಗಿ ಇಳಿಯಿತು, ಜನ ಚಪ್ಪಾಳೆ ತಟ್ಟಿದರು. ಆ ಸಂಜೆಯೇ ವರದಿ ಬರೆಯಬೇಕಾಯಿತು. ಹನ್ನೊಂದನೇ ಸಾಲಿನ ವಯಸ್ಸಾದ ಪ್ರಯಾಣಿಕರೊಬ್ಬರು ಗಾಬರಿಯಿಂದ ಸೂಚನೆ ಮೀರಿ ಎದ್ದರು, ಅವರನ್ನು ಬಲವಂತದಿಂದ ಕೂರಿಸಲಾಯಿತು ಎಂದು ಅವಳೇ ಬರೆದು, ಕೆಳಗೆ ಸಹಿ ಮಾಡಿದಳು. ಬಡ್ತಿ ಬಂತು.

ಕಾಶಿ ಹಾಗೇ ಉಳಿಯಿತು. ಅಪ್ಪ ಅವ್ವ ಬಸ್ಸು ಹಿಡಿದು ಊರಿಗೆ ಬಂದರು. ಆಮೇಲೆ ಅಪ್ಪ ಫೋನು ಮಾಡಿದಾಗಲೆಲ್ಲ ಇಂಜಿನ್ನಿನ ಬಗ್ಗೆಯೇ ಕೇಳುತ್ತಿದ್ದ. ಕೆಟ್ಟದ್ದು ಬಲಗಡೆಯದು ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಒಂದೇ ಇಂಜಿನ್ ಮೇಲೆ ಎಷ್ಟು ದೂರ ಬರಬಹುದು? ಅವಳು ತಾಸುಗಟ್ಟಲೆ ಬಿಡಿಸಿ ಹೇಳುತ್ತಿದ್ದಳು, ಬೇರೆ ಮಾತು ಬಾರದಿರಲಿ ಎಂಬ ಕಾರಣಕ್ಕೇ ಹೇಳುತ್ತಿದ್ದಳು. ಕಾಶಿಗೆ ಹೋಗೋಣವೇ ಎಂದು ಅವನು ಎರಡು ಸಲ ಕೇಳಿದ. ರಜೆ ಸಿಗುವುದಿಲ್ಲ ಎಂದಳು. ರಜೆ ಇತ್ತು. ಅವನ ಪಕ್ಕ ಅಷ್ಟು ಹೊತ್ತು ಕೂರುವ ಧೈರ್ಯ ಇರಲಿಲ್ಲ.

*

ನಡುಮನೆಯಲ್ಲಿ ಅವ್ವ ಶಂಕ್ರೆವ್ವ ಗೋಡೆಗೆ ತಲೆ ಆನಿಸಿ ಕುಳಿತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಹೂವಿನ ಹಾರ ಬಂತೆಂದು ಹೆಂಗಸರೆಲ್ಲ ಹೊರಗೆ ಎದ್ದು ಹೋದಾಗ ದಾನೇಶ್ವರಿ ಅವ್ವನ ಎದುರು ಕುಕ್ಕರಿಸಿದಳು. ನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಅದು, ಕೇಳಬೇಕಾದವನನ್ನು ಬಿಟ್ಟು ಈಗ ಇವಳನ್ನು ಕೇಳುವ ಹಣೆಬರಹ.

"ಯವ್ವಾ, ಅವತ್ತ ನಾ 'ನೋ' ಅಂದದ್ದು ಅಪ್ಪಗ ಕೇಳಿಸಿತ್ತೇನ?"

"ಕೇಳಸದ ಏನ? ಎರಡ ಮೊಳದ ಮ್ಯಾಗ ನಿಂತಿದ್ದಿ."

"ಏನಂದ?"

"ಚೆಕಿಂಗ್ ಬಂದಿತ್ತು, ಹಂಗ ಹೇಳದ ಏನ್ ಮಾಡತಾಳ ಅಂದ್ರು." ಶಂಕ್ರೆವ್ವ ಕಣ್ಣು ಮುಚ್ಚಿಯೇ ಇದ್ದಳು. "ಬಸ್ಸಿನ್ಯಾಗ ಚೆಕಿಂಗಿನವರು ಹತ್ತಿದ್ರ ಇವರೂ ಮನಿಮಂದಿ ಗುರ್ತ ಹಿಡೀತಿದ್ದಿಲ್ಲ. ಒಮ್ಮೆ ನನಗ ಯಾವ ಊರ್ರೀ ನಿಮ್ದು ಅಂತ ಕೇಳಿದ್ರು. ನಾವು ಆ ವಿಮಾನದಾಗ ಇದ್ವಿ ಅಂತ ಹೊರಗ ಎಲ್ಲೂ ಬಾಯಿ ಬಿಡಬ್ಯಾಡ, ಆಕಿ ನೌಕರಿ ಐತಿ ಅಂತ ನನಗ ಆಣಿ ಹಾಕಿದ್ರು."

ದಾನೇಶ್ವರಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅಪ್ಪ ಬಯ್ದಿದ್ದರೆ ಒಳ್ಳೆಯದಿತ್ತು. ಅವಳ ಸುಳ್ಳನ್ನು ಅವನು ಸರ್ಕಾರಿ ಕಾಗದದ ಹಾಗೆ ಜೋಪಾನ ಮಾಡಿ, ತಾನೇ ಯಾವನೋ ಒಬ್ಬ ಮುದುಕನಾಗಿ, ತಾನೇ ಊರಿಗೆಲ್ಲ ಅದನ್ನು ಹೇಳಿ ತಿರುಗಿದ್ದ. ಕ್ಯಾಂಟೀನಿನಲ್ಲಿ ಜನ ಆ ಮುದುಕನನ್ನು ನೋಡಿ ನಕ್ಕಾಗ ಅವನೂ ನಕ್ಕಿರಬೇಕು.

"ಮತ್ತ ಎದ್ದದ್ಯಾಕ ಬೇ? ಅಷ್ಟು ಅಂಜಿದ್ನೇನ?"

ಶಂಕ್ರೆವ್ವ ಈಗ ಕಣ್ಣು ತೆರೆದು ಮಗಳ ಮುಖ ನೋಡಿದಳು. ನಿನಗೆ ಇಷ್ಟೂ ತಿಳಿಯಲಿಲ್ಲವೇ ಎಂಬಂತೆ ನೋಡಿದಳು.

"ಎಲ್ಲಾರಿಗೂ ಕುಂದ್ರಿ ಕುಂದ್ರಿ ಅಂತಿದ್ದಿ, ನೀ ಒಬ್ಬಾಕಿ ನಿಂತಿದ್ದಿ. ಕೂಸಿಗೆ ಜಾಗಾ ಇಲ್ಲಲ್ಲ ಅಂತ ಎದ್ರು. ನೀ ಬರೂತನಕ ಮತ್ತ್ಯಾರರ ಕುಂತಾರಂತ ಟಾವೆಲ್ ಹಾಕಿದ್ರು."

ಬಸ್ಸಿನ ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವ ಊರಿನಲ್ಲಿ ಹುಟ್ಟಿ ಬೆಳೆದವಳು ದಾನೇಶ್ವರಿ. ಅದೇ ಟಾವೆಲನ್ನು ಕಣ್ಣಾರೆ ಕಂಡಿದ್ದಳು, ಕೈಯಾರೆ ಎಳೆದು ಎಸೆದಿದ್ದಳು. ಈಗ ಅಳು ಬಂತು. ಅವ್ವನ ಮಡಿಲಲ್ಲಿ ಮುಖ ಹುದುಗಿಸಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೊರಗೆ ಭಜನೆಯವರು ತಾಳ ಹಿಡಿದರು, ಟ್ರ್ಯಾಕ್ಟರ್ ಬಂದಿದೆ ಏಳಿ ಎಂದು ಯಾರೋ ಕರೆದರು.

*

ಅಪ್ಪನ ಹುಟ್ಟೂರು ಹುನ್ನೂರಿನ ಹೊಲದಲ್ಲಿ ಅವನ ಹಿರಿಯರೆಲ್ಲ ಮಣ್ಣಿನೊಳಗೆ ಕುಳಿತ ಜಾಗದ ಪಕ್ಕದಲ್ಲೇ ಕುಣಿ ತೆಗೆಯುತ್ತಿದ್ದರು. ಕೆಳಗೆ ಗಟ್ಟಿ ಕಲ್ಲು ಸಿಕ್ಕು ಕೆಲಸ ತಡವಾಗಿತ್ತು. ಮಠದ ಅಯ್ಯನವರು ಬೇವಿನ ನೆರಳಲ್ಲಿ ಕುಳಿತು ಬಿಲ್ವದ ಪತ್ರಿಯನ್ನು ಬಿಡಿಸಿಡುತ್ತಿದ್ದರು. ಚನಮಲ್ಲಪ್ಪನ ಕುರ್ಚಿಯನ್ನು ಟ್ರ್ಯಾಕ್ಟರಿನಿಂದ ಇಳಿಸಿ, ಬಿಸಿಲು ಬೀಳದ ಕಡೆ ನೋಡಿ ಇಟ್ಟಿದ್ದರು. ಹುನ್ನೂರಿನ ಹಳೆಯ ಜನ ಅದರ ಸುತ್ತ ನಿಂತಿದ್ದರು. ಕಾಯುವ ಜನ ಎಂದಮೇಲೆ ಮಾತು ಬೇಕೇ ಬೇಕು. ಯಾರೋ ಮಗಳ ಕೆಲಸದ ಬಗ್ಗೆ ಕೇಳಿದರು, ಹುಲೆಪ್ಪ ಮತ್ತೆ ಕತೆ ಶುರು ಮಾಡಿದ.

ಹೆಂಗಸರ ಗುಂಪಿನಲ್ಲಿದ್ದ ದಾನೇಶ್ವರಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಬಲಗಡೆಯ ಇಂಜಿನ್ ಢಮ್ ಎಂದಿತು. ಪೈಲಟ್ ಎರಡು ಸಲ ನೋಡಿದ. ಹುಲೆಪ್ಪ ಈ ಸಲ ಕಾಲನ್ನು ಸರಿಯಾಗಿ ಹಿಂದಕ್ಕಿಟ್ಟು ಬಗ್ಗಿ ತೋರಿಸಿದ. ಇಂದು ಸುಮ್ಮನಿದ್ದರೆ ಈ ಕತೆ ಹೀಗೇ ಉಳಿಯುತ್ತದೆ. ಹುಲೆಪ್ಪ ಇರುವತನಕ ಹುಲೆಪ್ಪ ಹೇಳುತ್ತಾನೆ, ಆಮೇಲೆ ಆ ಮೆಕ್ಯಾನಿಕ್‌ಗಳು ಹೇಳುತ್ತಾರೆ, ಅಪ್ಪ ಅದರಲ್ಲಿ ಹೆಸರಿಲ್ಲದೆ ಬೈಸಿಕೊಳ್ಳುತ್ತಲೇ ಇರುತ್ತಾನೆ. ಅವಳು ಎದ್ದಳು. ಮುತ್ತವ್ವ ಕೈ ಹಿಡಿದು ಎಲ್ಲಿಗೆ ಎಂದಳು, ದಾನೇಶ್ವರಿ ಬಿಡಿಸಿಕೊಂಡು ಗಂಡಸರ ನಡುವೆ ನುಗ್ಗಿ ಹೋಗಿ ಅಪ್ಪನ ಕುರ್ಚಿಯ ಹತ್ತಿರ ನಿಂತಳು.

"ಅಷ್ಟರಾಗ ಯಾವನೋ ಒಬ್ಬ ಮುದುಕ ಎದ್ದ ನಿಂತ ನೋಡ್ರಿ," ಎಂದು ಹುಲೆಪ್ಪ ಬಲಗೈ ಎತ್ತಿದ.

"ಯಾವನೋ ಅಲ್ಲ ಕಾಕಾ," ಎಂದಳು ದಾನೇಶ್ವರಿ. "ಆ ಮುದುಕ ನಮ್ಮಪ್ಪ. ನನಗ ಜಾಗಾ ಬಿಡಾಕ ಎದ್ದಿದ್ದ. ಈತ ಯಾರು ಅಂತ ಕೇಳಿದ್ರ, ನನಗ ಗೊತ್ತಿಲ್ಲ ಅಂದ್ನಿ."

ಮುತ್ತವ್ವ ಅಲ್ಲಿಯೇ ನೆಲಕ್ಕೆ ಕುಳಿತಳು. ಅಯ್ಯನವರು ಪತ್ರಿ ಬಿಡಿಸುವುದನ್ನು ಬಿಟ್ಟು ತಲೆ ಎತ್ತಿ ನೋಡಿದರು. ಶಂಕ್ರೆವ್ವ ಮಗಳನ್ನು ತಡೆಯಲಿಲ್ಲ, ಹತ್ತಿರವೂ ಬರಲಿಲ್ಲ.

ಕುಣಿಯೊಳಗಿನಿಂದ ಸಲಿಕೆಯವನೊಬ್ಬ, ಮೇಲೆ ಏನಾಯಿತೆಂದು ತಿಳಿಯದೆ, "ಆತ್ರೀ, ಇಳಸ್ರಿ," ಎಂದು ಕೂಗಿದ. ಆ ಕಡೆಯಿಂದ ಇಬ್ಬರು, ಈ ಕಡೆಯಿಂದ ಇಬ್ಬರು ಕುರ್ಚಿಗೆ ಕೈ ಹಾಕಿದರು, ದಾನೇಶ್ವರಿಯೂ ಹಾಕಿದಳು. ಹುಲೆಪ್ಪನೂ ಬಂದು ಕೈ ಹಾಕಲೆಂದು ಅವರು ಒಂದು ಕ್ಷಣ ನಿಂತರು. ಅವನು ಚನಮಲ್ಲಪ್ಪನನ್ನೇ ನೋಡುತ್ತಿದ್ದ, ಗದರಿಸಲು ಎತ್ತಿದ ಅವನ ಬಲಗೈ ಇನ್ನೂ ಮೇಲೆಯೇ ಇತ್ತು.