ತುಳಿಯಬಾರದ ದೋಣಿ

ಕೆರೆಗೆ ದೋಣಿಗಳು ಬಂದು ಐದು ತಿಂಗಳಾಗಿತ್ತು. ಹಂಸದ ಮುಖದ, ಕಾಲಲ್ಲಿ ತುಳಿದು ನಡೆಸುವ ನಾಲ್ಕು ದೋಣಿಗಳು. ಶನಿವಾರ, ಭಾನುವಾರ ಮೈಸೂರಿನಿಂದ ಊಟಿಗೆ ಹೋಗುವ ಕಾರುಗಳು ಗುಂಡ್ಲುಪೇಟೆ ಸೇರುವ ಮೊದಲು ಏರಿಯ ಪಕ್ಕ ನಿಲ್ಲುತ್ತಿದ್ದವು. ಮಕ್ಕಳು ಒಂದು ಸುತ್ತು ದೋಣಿ ತುಳಿದು, ಚುರುಮುರಿ ತಿಂದು ಹೊರಡುತ್ತಿದ್ದರು. ಉಳಿದ ದಿನ ದೋಣಿಗಳು ಕಟ್ಟಿದ ಹಗ್ಗದಲ್ಲೇ ತೇಲುತ್ತಿದ್ದವು. ಊರಿನವರು ಏರಿಯ ಮೇಲೆ ವಾಕಿಂಗ್ ಮಾಡುತ್ತಿದ್ದರು, ಮಕ್ಕಳನ್ನು ಜಾರುಬಂಡೆಗೆ ಕರೆತರುತ್ತಿದ್ದರು. ದೋಣಿಯ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ.

ದೋಣಿ ನೋಡಿಕೊಳ್ಳುತ್ತಿದ್ದವನು ಶಾಂತರಾಜು. ಊಟಿಯಲ್ಲಿ ಇದೇ ಕೆಲಸದಲ್ಲಿದ್ದವನು, 2006ರಲ್ಲಿ ಊರಿನ ಕೆರೆ ಸಮಿತಿ ಕರೆದಾಗ ಹೆಂಡತಿ, ಮಗಳಿದ್ದ ಮನೆಗೆ ವಾಪಸು ಬಂದಿದ್ದ. ಫೆಬ್ರವರಿಯ ಒಂದು ಸೋಮವಾರ ಸಮಿತಿಯ ಕಾರ್ಯದರ್ಶಿ ನೀಲಕಂಠಸ್ವಾಮಿ ಬಂದರು.

"ವರ್ಷಪೂರ್ತಿ ನಡೀಲಿ ಅಂತ ತಂದದ್ದು ಶಾಂತರಾಜು. ವಾರಕ್ಕೆ ಎರಡು ದಿನಕ್ಕೆ ಯಾಕೆ ಬೇಕು? ಬೇರೆ ಊರಿನೋರು ಕೇಳ್ತಿದ್ದಾರೆ. ಬರೋ ಸೋಮವಾರ ಲಾರಿ ಬರ್ತದೆ."

"ನಾನೇನ್ ಮಾಡ್ಲಿ ಸಾ?"

"ನಿಂಗೆ ಊಟಿ ಇದೆಯಲ್ಲ."

ಊಟಿ ಇತ್ತು. ಹಳೆಯ ಮಾಲೀಕ ಬಾ ಎಂದು ಹೇಳಿಕಳಿಸಿಯೂ ಇದ್ದ. ಆದರೆ ಅಲ್ಲಿದ್ದಷ್ಟು ಕಾಲ ಮಗಳು ಭವ್ಯಳಿಗೆ ಅಪ್ಪನೆಂದರೆ ಹಬ್ಬಕ್ಕೆ ಬರುವ ನೆಂಟನಾಗಿದ್ದ. ಈಗೀಗ ಅವಳು ಅವನ ಜೊತೆ ಜಗಳವಾಡಲು ಕಲಿತಿದ್ದಳು. ಮತ್ತೆ ಹೋಗಲು ಅವನಿಗೆ ಮನಸ್ಸಿರಲಿಲ್ಲ.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಚಿಕ್ಕಯ್ಯನನ್ನು ಶಾಂತರಾಜು ಕೂಗಿ ಕರೆದ. ಚಿಕ್ಕಯ್ಯ ಅವನಿಗೆ ಮಾವನಾಗಬೇಕು.

"ಮಾವ, ನಮ್ಮೋರು ಯಾಕೆ ದೋಣಿ ಹತ್ತಲ್ಲ? ಸೆಕ್ರೆಟರಿ ಸಾಹೇಬ್ರ ಮುಂದೆ ಹೇಳ್ಬುಡು."

"ಕಣ್ಣಿಟ್ಟೋನು ನೀನು, ಕೇಳೋದು ನನ್ನಾ?"

ಉದ್ಘಾಟನೆಯ ದಿನ ಶಾಂತರಾಜು ದೋಣಿಗಳ ಮೇಲೆ 'ಶ್ರೀ ಮಾರಮ್ಮ ಪ್ರಸನ್ನ' ಎಂದು ಬರೆಸಿದ್ದ. ಅಷ್ಟಕ್ಕೆ ಸಮಾಧಾನವಾಗದೆ, ಚಾಮರಾಜನಗರದಿಂದ ಬೆಳ್ಳಿಯ ಕಣ್ಣು ತಂದು ಹಂಸಗಳಿಗೆ ಅಂಟಿಸಿದ್ದ. ಮಾರಮ್ಮನ ಗುಡಿಯ ಪೂಜೆ ಮಾಡುವ ದೊಡ್ಡಮಾದಮ್ಮ ಆರತಿ ಎತ್ತಿದ್ದಳು. ಕಲ್ಲಿಗೆ ಕಣ್ಣಿಟ್ಟು ಆರತಿ ಎತ್ತಿದ ಮೇಲೆ ಅದು ಬರೀ ಕಲ್ಲಲ್ಲ ಎಂಬುದು ಶಾಂತರಾಜುವಿಗೂ ಗೊತ್ತಿತ್ತು. ದೋಣಿಗೂ ಅದೇ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

"ಲಾರಿ ಮ್ಯಾಲೂ ಮಾರಮ್ಮ ಅಂತ ಬರೀತಾರಲ್ಲ ಮಾವ."

"ಬರೀತಾರೆ. ಕಣ್ಣಿಡ್ತಾರಾ? ಅವ್ವನ ಹೊಟ್ಟೇಲಿ ಕೂತ್ಕಂಡು ಕಾಲಲ್ಲಿ ತುಳೀರಿ ಅಂತೀಯಲ್ಲ, ನಿನ್ ತಲೆ ನೆಟ್ಟಗದಾ?"

"ಮೈಸೂರೋರು ತುಳೀತಾರಲ್ಲ."

"ಅವ್ರಿಗೇನ್ಲಾ, ತುಳ್ದುಬುಟ್ಟು ಊಟಿಗೆ ಓಯ್ತಾರೆ. ಇಲ್ಲಿರೋರು ನಾವು ಕಣ್ಲಾ."

ನೀಲಕಂಠಸ್ವಾಮಿ ನಕ್ಕರು. "ಅಷ್ಟೇನಾ? ಕಿತ್ತರಾಯ್ತು." ಜೇಬಿನಿಂದ ಸ್ಕೂಟರಿನ ಬೀಗದ ಕೈ ತೆಗೆದರು.

"ನೀವೇ ಕಿತ್ಬುಡಿ ಸಾ," ಎಂದ ಚಿಕ್ಕಯ್ಯ.

ಕಾರ್ಯದರ್ಶಿಗಳು ಹಂಸದ ಮುಖ ನೋಡಿದರು. ಬೀಗದ ಕೈ ಜೇಬಿಗೆ ಮರಳಿತು.

ಮಾರಮ್ಮನ ಗುಡಿ ಕೆರೆಯ ಆಚೆ ದಡದಲ್ಲಿತ್ತು. ಮರುದಿನ ಶಾಂತರಾಜು ಅಲ್ಲಿಗೆ ಹೋದ. ದೊಡ್ಡಮಾದಮ್ಮ ಮೊದಲು ಚೆನ್ನಾಗಿ ಬೈದಳು.

"ಗಾಡಿ ಪೂಜೆ ಅನ್ಕಂಡು ಆರತಿ ಎತ್ಬುಟ್ಟೆ ಕಣ್ಲಾ. ಆಮೇಲೆ ನೋಡಿದ್ರೆ ಕಣ್ಣು! ಈಗೇನು, ಬಂದಿರೋ ಅವ್ವನ್ನ ಕಳಿಸ್ಕೊಡಬೇಕು. ಕೆರೆ ನೀರಲ್ಲಿ ಕಳಸ ತುಂಬಿ, ಅವ್ವನ್ನ ಅದ್ಕೆ ಕರ್ದು, ಗುಡಿಗೆ ತರಬೇಕು."

"ಏರಿ ಮ್ಯಾಲೆ ನಡ್ಕಂಡು ತಂದ್ರಾಯ್ತಲ್ಲ?"

"ನೀರ್ ಮ್ಯಾಲೆ ಕೂತೋಳು ನೀರ್ ಮ್ಯಾಲೇ ಬರಬೇಕು. ನಾಕು ದೋಣೀನೂ ಬರಬೇಕು."

"ತುಳಿಯೋರು ಯಾರವ್ವ?"

"ಹಬ್ಬಕ್ಕೆ ಕುದೇರು ಊರಿಂದ ಕಳಸಾನ ಸೈಕಲ್ಲಲ್ಲಿ ತಂದ್ಯಲ್ಲ, ಅವತ್ತು ತುಳ್ದಿದ್ದು ಯಾರ್ಲಾ? ನಿಮ್ಮಪ್ಪನಾ?"

ಶುಕ್ರವಾರ ಬೆಳಿಗ್ಗೆ ಏರಿ ತುಂಬ ಜನ. ಮುಂದಿನ ದೋಣಿಗೆ ಉಳಿದ ಮೂರನ್ನು ಹಗ್ಗದಲ್ಲಿ ಕಟ್ಟಿದರು. ಶಾಂತರಾಜು ಕೂತ. ಪಕ್ಕದಲ್ಲಿ ದೊಡ್ಡಮಾದಮ್ಮ, ಮಡಿಲಲ್ಲಿ ಕಳಸ. ಅವಳ ಮುಂದೆಯೂ ಪೆಡಲ್ ಇತ್ತು. ಶಾಂತರಾಜು ತುಳಿದಂತೆ ಅದೂ ತಿರುಗುತ್ತಿತ್ತು. ಅವಳು ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದ್ದಳು.

ಅರ್ಧ ಕೆರೆ ದಾಟುವಷ್ಟರಲ್ಲಿ ಎದುರುಗಾಳಿ ಎದ್ದಿತು. ನಾಲ್ಕು ದೋಣಿಯ ಭಾರಕ್ಕೆ ಶಾಂತರಾಜುವಿನ ಮೀನಖಂಡಗಳು ಹಿಡಿದುಕೊಂಡವು. ದೋಣಿಗಳು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದವು.

"ಅವ್ವ, ಒಬ್ಬನ ಕೈಲಾಗಲ್ಲ. ನೀನೂ ತುಳೀಬೇಕು."

"ನಾನಾ?"

"ಇಲ್ಲಾಂದ್ರೆ ವಾಪಸ್ ಏರಿಗೇ ಓಯ್ತೀವಿ."

ದೊಡ್ಡಮಾದಮ್ಮ ಕಳಸದ ಕಡೆ ಬಗ್ಗಿ ಏನೋ ಹೇಳಿಕೊಂಡಳು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕಾಲು ಇಳಿಸಿದಳು. ಮೊದಲ ಸುತ್ತಿಗೆ ಪಾದ ಜಾರಿತು. ಎರಡನೆಯದಕ್ಕೆ ಹಿಡಿತ ಸಿಕ್ಕಿತು. ದೋಣಿ ಮುಂದಕ್ಕೆ ಹೋಯಿತು.

"ದೊಡ್ಡಮಾದಮ್ಮ ತುಳೀತಾವ್ಳೆ ಕಣ್ರಲಾ!" ಏರಿಯಿಂದ ಚಿಕ್ಕಯ್ಯನ ಕೂಗು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿತು.

"ಮೆತ್ತಗೆ ತುಳಿ ಅವ್ವ, ನನ್ ಕಾಲು ನಿನ್ ಸರಿಸಮ ಬರಾಕಿಲ್ಲ," ಎಂದ ಶಾಂತರಾಜು.

"ಮುಚ್ಕಂಡು ತುಳಿ."

ಗುಡಿಯಲ್ಲಿ ಕಳಸ ಇಳಿಸಿ, ಪೂಜೆ ಮುಗಿಸಿ ಅವಳು ದಡಕ್ಕೆ ಬಂದಳು. ಹಂಸಗಳ ಕಣ್ಣನ್ನು ಒಂದೊಂದಾಗಿ ಉಗುರಲ್ಲಿ ಎಬ್ಬಿಸಿ ಸೆರಗಿಗೆ ಕಟ್ಟಿಕೊಂಡಳು.

"ಇನ್ಮೇಲೆ ಇವು ದೋಣಿ," ಎಂದಳು. ಅವನ ಜೊತೆ ಏರಿಯ ದಡಕ್ಕೂ ಬಂದಳು. ವಾಪಸು ಬರುವಾಗ ಯಾರೂ ಹೇಳದೆಯೇ ತುಳಿದಳು.

ದಡದಲ್ಲಿ ಭವ್ಯ ಮತ್ತು ಅವಳ ಗೆಳತಿಯರು ನಿಂತಿದ್ದರು. ಅವರು ಮೊದಲ ದೋಣಿ ಹತ್ತಿದರು. ಆಮೇಲೆ ಕೆಲವು ಹೆಂಗಸರು, ಗುಡಿಗೆ ಹೋಗಿಬರುತ್ತೇವೆಂದು. ಚಿಕ್ಕಯ್ಯ ನೀರಿಗೆ ಒಂದು ಕಾಲಿಟ್ಟು ಕೇಳಿದ:

"ಮುಳುಗಿದ್ರೆ ಯಾರ್ಲಾ ಕೇಳೋರು?"

"ಸೆಕ್ರೆಟರಿ ಸಾಹೇಬ್ರು, ಮಾವ."

ಏರಿಯ ಮೇಲಿದ್ದ ನೀಲಕಂಠಸ್ವಾಮಿ ದೋಣಿಗಾಗಿ ಕಾಯುತ್ತಿದ್ದವರನ್ನು ನೋಡಿದರು. "ಇವತ್ತು ಬಂದೋರು ನಾಳೆಯೂ ಬರ್ತಾರೆ ಅಂತ ಏನು ಗ್ಯಾರಂಟಿ? ಆದ್ರೂ ಸದ್ಯಕ್ಕೆ ಲಾರಿ ಬೇಡ ಅಂತ ಹೇಳ್ತೀನಿ. ಯುಗಾದಿ ಕಳೀಲಿ, ಆಮೇಲೆ ನೋಡೋಣ."

ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು. ಶಾಂತರಾಜುವಿಗೆ ಅಷ್ಟು ಸಾಕಾಗಿತ್ತು. ಸಂಜೆ ಬಸ್ ಸ್ಟ್ಯಾಂಡಿನ ಕಾಯಿನ್ ಫೋನಿನಿಂದ ಊಟಿಗೆ ಮಾತಾಡಿದ.

"ವರಿಯಾ, ಇಲ್ಲೆಯಾ?" ಬರ್ತೀಯೋ ಇಲ್ಲವೋ ಎಂದು ಮಾಲೀಕ ತಮಿಳಿನಲ್ಲಿ ಕೇಳಿದ.

"ಬರಲ್ಲಣ್ಣ," ಎಂದ ಶಾಂತರಾಜು. "ಬೇರೆಯೋರ್ನ ಇಟ್ಕೊಳಿ."